ತೆಕ್ಲಾ ತೋರಿಸಿದ್ದು

ಕರಪತ್ರದಲ್ಲಿ ಇರುವುದು ಏಳು ನೋಟ:
ಪುರಭವನದ ಗೋಪುರ, ಮರದ ಇಗರ್ಜಿ, ಉಪ್ಪಿನ ಉಗ್ರಾಣ...
ಮುಚ್ಚಿದ ಇಟ್ಟಿಗೆ ಕಾರ್ಖಾನೆಯ ಚಿಮಣಿ ಮೇಲಿನ
ಕೊಕ್ಕರೆ ಗೂಡನ್ನೂ ಲೆಕ್ಕಕ್ಕೆ ಹಿಡಿದು, ಏಳು.
ಓಲ್ಶಾವಿಯೆತ್ಸ್‌ನಲ್ಲಿ ಬಸ್ಸು ನಿಲ್ಲುವುದು ನಲವತ್ತು ನಿಮಿಷ.
ಅಷ್ಟರಲ್ಲಿ ಏಳುನೂರು ವರ್ಷ ಮುಗಿಸಬೇಕು
ಎನ್ನುತ್ತಾಳೆ ತೆಕ್ಲಾ,
ಕೀಲಿಗೊಂಚಲಿಗೆ ಅವಳ ಕೋಟಿನ ಒಂದು ಜೇಬು ಜೋತಿದೆ.

ಬನ್ನಿ, ಮೆಟ್ಟಿಲು ಸವೆದಿದೆ, ಗೋಡೆ ಹಿಡಿದು ಬನ್ನಿ.
ಈ ಗಡಿಯಾರಕ್ಕೆ ಒಂದೇ ಮುಳ್ಳು.
ನಿಮಿಷದ್ದನ್ನು ಒಬ್ಬ ಸಿಪಾಯಿ ಕಿತ್ತೊಯ್ದ;
ಯಾವ ಸೈನ್ಯದವನು ಎಂಬಲ್ಲಿ ಊರು ಇನ್ನೂ ಎರಡು ಪಾಲು.
ನಮಗೇನೂ ಅಡ್ಡಿಯಾಗಿಲ್ಲ.
ರೊಟ್ಟಿ ಬೆಂದದ್ದಕ್ಕೆ ವಾಸನೆಯುಂಟು,
ತಡವಾಗಿ ಬರುವ ಗಂಡಸರಿಗೆ ನೆಪವುಂಟು.

ಕೆಳಗೆ ಕಾಣುವ ಆ ಬೀದಿಗೆ
ಒಬ್ಬ ಚಕ್ರವರ್ತಿ ತನ್ನ ಹೆಸರಿಟ್ಟ,
ಇನ್ನೊಬ್ಬ ಬಂದು ಅಳಿಸಿ ತನ್ನದು ಬರೆಸಿದ,
ಆಮೇಲೆ ಒಂದು ಪಕ್ಷ, ಒಂದು ತಾರೀಖು, ಒಬ್ಬ ಸಂತ.
ಹೆಬ್ಬಾತುಗಳಿಗೆ ಓದು ಬಾರದು.
ಅವು ಸಾಲುಕಟ್ಟಿ ಹೊಳೆಗೆ ಇಳಿಯುತ್ತಲೇ ಇದ್ದವು,
ನಾವು ಹೆಬ್ಬಾತು ಬೀದಿ ಎನ್ನುತ್ತಲೇ ಇದ್ದೆವು.

ಇಗರ್ಜಿಯಲ್ಲಿ ಒಂದೂ ಮೊಳೆಯಿಲ್ಲ, ತೊಲೆಯನ್ನು ತೊಲೆಯೇ ಕಚ್ಚಿದೆ.
ಒಳಗೋಡೆಯ ನರಕದಲ್ಲಿ ದೆವ್ವಗಳಿಗೆಲ್ಲ
ಸುಂಕದವನ ಟೋಪಿ.
ಸುಂಕದವನ ಮುಂದೆ ಸುಖದುಃಖ ಹೇಳಿ ಸೋತ ಬಣ್ಣದವನು
ಗೋಡೆಗೆ ಹೇಳಿಕೊಂಡಿರಬೇಕು.
ನಕ್ಕೆವು. ಫೋಟೋ ತೆಗೆದೆವು.

ಏಳೂ ಮುಗಿದು ಹನ್ನೊಂದು ನಿಮಿಷ ಮಿಕ್ಕಿತು.
ಉಳಿದವರು ಪ್ಲಮ್ ಜಾಮಿನ ಸೀಸೆಗಳಿಗೆ ಚೌಕಾಸಿ ಮಾಡುತ್ತಿದ್ದರು.
ತೆಕ್ಲಾ ನನ್ನ ತೋಳು ಮುಟ್ಟಿ ಕರೆದಳು
ಔಷಧಿ ಅಂಗಡಿಯ ಬಾಗಿಲಿಗೆ.
ಬಲಗಡೆಯ ಚೌಕಟ್ಟಿನಲ್ಲಿ, ಎದೆಗಿಂತ ಎತ್ತರದಲ್ಲಿ,
ಬೆರಳುದ್ದದ ಓರೆ ತೋಡು.

ಕೈಗವಸು ಹೊಲಿಯುವ ಹಿರ್ಷ್‌ಬೇನ್ ಮನೆ ಇದು.
ಒಳಬರುವವರು ಇಲ್ಲಿ ಮುಟ್ಟಿ
ಆ ಬೆರಳಿಗೇ ಮುತ್ತಿಡುತ್ತಿದ್ದರಂತೆ.
ನಲವತ್ತೆರಡರ ಒಂದು ಬೆಳಿಗ್ಗೆ
ಬೀದಿಯ ಅರ್ಧ ಬಾಗಿಲು ತೆರೆಯಲಿಲ್ಲ.
ಅಂಗಡಿಯವ ವರ್ಷಕ್ಕೊಮ್ಮೆ ಪುಟ್ಟಿ ತುಂಬಿ ಹಸಿರು ಬಳಿಯುತ್ತಾನೆ,
ಒಳ್ಳೆಯವನೇ, ಬಾಗಿಲು ನೆಟ್ಟಗಿರಲಿ ಅಂತ.
ಮಾಗಿಯಲ್ಲಿ ಮರ ಬಿಗಿಯುತ್ತದೆ,
ಪುಟ್ಟಿಯನ್ನು ಉಗುಳುತ್ತದೆ.

ಇದು ಕರಪತ್ರದಲ್ಲಿಲ್ಲವಲ್ಲ, ಎಂದೆ.

ಅವಳು ಕೀಲಿಗಳನ್ನು ಒಂದೊಂದಾಗಿ ಸರಿಸಿದಳು,
ಎಣಿಸುವವಳಂತೆ.
ಆ ಮನೆಯ ಗರಿಯ ರಜಾಯಿಯನ್ನು
ನಮ್ಮಜ್ಜಿ ಹೊತ್ತು ತಂದಿದ್ದಳು, ಎಂದಳು.
ಬೇರೆಯವರು ಒಯ್ಯುವ ಮೊದಲು, ಅಂತ.
ತುಂಬ ಬೆಚ್ಚಗಿತ್ತು.
ನಾನು ಹುಟ್ಟಿದ್ದು ಅದರಲ್ಲೇ.

ಬಸ್ಸು ಹಾರನ್ ಹೊಡೆಯಿತು.
ಹೊತ್ತು ಎಷ್ಟಾಯಿತೆಂದು ಕತ್ತೆತ್ತಿದೆ:
ಹತ್ತಕ್ಕೂ ಹನ್ನೊಂದಕ್ಕೂ ನಡುವೆ ಎಲ್ಲೋ
ಓರೆಯಾಗಿ ನಿಂತಿತ್ತು ಮುಳ್ಳು.