ಇಪ್ಪತ್ತು ಅಂದರೆ

ಮಂಡಿ ಮೊಹಲ್ಲಾದ ಮೀನಿನಂಗಡಿ ಜಬೀವುಲ್ಲಾ
ಚೀಟಿಯಲ್ಲಿ ಬರೆದದ್ದು ಬರೀ ‘ಇಪ್ಪತ್ತು’.
ಪಿಪಿಎಂ ಅಂದುಕೊಂಡೆ.
ಎಷ್ಟು ಮೆದು ನಮ್ಮ ಬೋರಿನ ನೀರು!
ಆರು ನಿಯಾನ್ ಟೆಟ್ರಾ ಬಿಟ್ಟೆ.
ಭಾನುವಾರ ಎಣಿಸಿದರೆ ಎರಡು.

ಅದು ಡಿಗ್ರಿಯಂತೆ.
ಒಂದು ಡಿಗ್ರಿಗೆ ಪಿಪಿಎಂ ಹದಿನೆಂಟು, ತುಸು ಕಡಿಮೆ.
ಗುಣಿಸಿದರೆ ಮುನ್ನೂರೈವತ್ತೇಳು.

ನಂಬದೆ ಪುಟ್ಟ ಸೀಸೆಯಲ್ಲಿ ನಾನೇ ಹನಿ ಬಿಟ್ಟೆ:
ಹದಿನೆಂಟು, ಕಿತ್ತಳೆ.
ಹತ್ತೊಂಬತ್ತು, ಕಿತ್ತಳೆಯೇ.
ಇಪ್ಪತ್ತಕ್ಕೆ
ಹಸಿರು.

ಒಲೆ ಮುಂದಿನಿಂದ ಅತ್ತೆ:
‘ನನ್ನ ಕೇಳಬಾರದಿತ್ತೇ?
ಬೋರಿನ ನೀರಿಗೆ ಕುಕ್ಕರು ಏಳು ಕೂಗಬೇಕು,
ಕಾವೇರಿಗೆ ಮೂರು ಸಾಕು.
ಅದರಲ್ಲಿ ಯಾರ ಬೇಳೆ ಬೇಯುತ್ತೆ?’

ಈಗ ದಿನ ಬಿಟ್ಟು ದಿನ, ಬೆಳಗಿನ ಐದಕ್ಕೆ,
ನಲ್ಲಿಯ ಮುಂದೆ ಬಕೆಟ್ಟು ಹಿಡಿದು ನಿಲ್ಲುತ್ತೇನೆ.
ಕೂಗನ್ನು ಡಿಗ್ರಿಗಿಳಿಸುವ ಸೂತ್ರ
ಯಾವ ಡಬ್ಬದ ಮೇಲೂ ಇಲ್ಲ.
ಉಳಿದೆರಡು, ಗಾಜಿಗೆ ಮೂತಿಯೊತ್ತಿ,
ನಾನು ಎಣಿಸುವುದನ್ನೇ ನೋಡುತ್ತವೆ.