ಒಳಗೆಳೆದ ಹೌದು

ಮೊದಲ ದಿನ ತರಗತಿಯಲ್ಲಿ ತೂರುನ್ ಮೇಡಂ
‘ಹೌದು’ ಎನ್ನುವ ಬದಲು
ಸರಕ್ಕನೆ ಉಸಿರನ್ನು ಒಳಗೆಳೆದುಕೊಂಡರು.
ಅಲೆಪ್ಪೋದ ಔಷಧಿ ಅಂಗಡಿಯವನು ಗಾಬರಿಯಾಗಿ
ಉಬ್ಬಸವೇ, ನೀರು ಬೇಕೇ ಎಂದು ಎದ್ದು ನಿಂತ.
ನಾನೊಬ್ಬಳೇ ನಕ್ಕೆ.
ಸೆಗೆನೈತಿಯ ಅತ್ತಿಮರದಡಿ ಕಾಫಿಬೀಜ ಹುರಿಯುತ್ತ
ನಮ್ಮಜ್ಜಿ ಹೌದೆನ್ನುತ್ತಿದ್ದುದೂ ಹೀಗೇ,
ಒಪ್ಪಿಗೆಯನ್ನು ಹೊರಗೆ ಬಿಟ್ಟರೆ
ಯಾರಾದರೂ ಕದ್ದಾರೆಂಬಂತೆ.

ಎರಿತ್ರಿಯಾದ ಬಿಸಿಲಿಗೂ ಹ್ಯಾಮರ್‌ಫೆಸ್ಟಿನ ಹಿಮಕ್ಕೂ
ಇದ್ದ ನಂಟು ಅಷ್ಟೇ, ಒಂದು ಗುಟುಕು ಗಾಳಿ.
ಮಿಕ್ಕದ್ದೆಲ್ಲ ಕೂಲಿ ಮಾಡಿಯೇ ಗಳಿಸಬೇಕಾಯ್ತು.

ತುಟಿಯನ್ನು ಸೀಟಿ ಊದುವಂತೆ ಗುಂಡಗೆ ಮಾಡಿ
‘ಏ’ ಅನ್ನಬೇಕು. ಅದೊಂದು ಸ್ವರಕ್ಕೆ ಮೂರು ವಾರ.
ಬಸ್ಸಿನ ಕಿಟಕಿಯಲ್ಲಿ ನನ್ನದೇ ಮುಖ
ಮೀನಿನ ಹಾಗೆ ಬಾಯಿ ತೆರೆದು ಮುಚ್ಚಿ ತೆರೆದು.
ನಾಲಿಗೆಗೆ ಎಲುಬಿಲ್ಲ ಅನ್ನುತ್ತಾರೆ,
ಮತ್ತೆ ರಾತ್ರಿಯಿಡೀ ಮುರಿದಂತೆ ನೋಯುವುದು ಯಾವುದು?

ಗಂಡಸಿಗೊಂದು ನೀನು, ಹೆಂಗಸಿಗೊಂದು ನೀನು,
ಹಿರಿಯರಿಗೆ ತಲೆಬಾಗುವ ಇನ್ನೊಂದು;
ನಮ್ಮಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಮಣೆ.
ಇಲ್ಲಿ ವೈದ್ಯನಿಗೂ ನಾಯಿಗೂ ಒಂದೇ ‘ದೂ’.
ಮೊದಮೊದಲು ಬರಿತಲೆಯಲ್ಲಿ ಚರ್ಚಿಗೆ ಹೋದಂತೆ ನಾಚಿಕೆ.
ಆಮೇಲೆ, ಸುಳ್ಳೇಕೆ, ಹಗುರವೆನಿಸಿತು.
ಬಾಡಿಗೆ ಕೇಳಲು ಬಂದ ಮಾಲೀಕನ ಕಣ್ಣಲ್ಲಿ ಕಣ್ಣಿಟ್ಟು
ನೀನು ಮೊದಲು ಹೀಟರ್ ರಿಪೇರಿ ಮಾಡಿಸು, ಅಂದೆ.
ಹಾಗೆ ಅಂದವಳು ನಾನೇ ಹೌದೇ ಎಂದು
ಬಾಗಿಲು ಹಾಕಿ ಕನ್ನಡಿ ನೋಡಿಕೊಂಡೆ.

ಫೋನಿನಲ್ಲಿ ಅಮ್ಮ: ‘ಲೆತೆಬ್ರಹಾನ್, ನೆಗಡಿಯೇ?’
‘ಇಲ್ಲಮ್ಮ.’
‘ಮತ್ತೆ ನಿನ್ನ ಮಾತು ಗಂಟಲು ಬಿಟ್ಟು
ತುಟಿಗೆ ಗುಳೆ ಹೋದಂತಿದೆಯಲ್ಲ?’
ಇತ್ತ ಮಗ ಯಾಫೆತ್ ಬ್ರೆಡ್ಡು ಅಗಿಯುತ್ತಲೇ
ನನ್ನ ನಾರ್ವೆಯ ಉಚ್ಚಾರ ತಿದ್ದುತ್ತಾನೆ.
ಎರಡೂ ದಡದವರಿಗೆ ನಾನು ತೊದಲುವವಳು.

ಹನ್ನೊಂದನೇ ಕೋಣೆಯ ಮುದುಕಿಗೆ ತೊಂಬತ್ತೊಂದು.
ಕಡತದಲ್ಲಿ ಕ್ರಿಸ್ತೀನೆ. ಕರೆದರೆ ತಿರುಗುವುದಿಲ್ಲ.
ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದ ಮೇಲೆ
ನಾರ್ವೆಯ ನುಡಿ ಅವಳಿಂದ ಜಾರಿಬಿತ್ತು,
ಎರವಲು ಕೋಟು ಗೂಟದಿಂದ ಜಾರುವಂತೆ.
ಉಳಿದದ್ದು ಸಾಮಿ:
ಏಳರ ಹುಡುಗಿ ವಸತಿ ಶಾಲೆಯಲ್ಲಿ
ಆಡಿದ್ದಕ್ಕೆ ಊಟ ಕಳೆದುಕೊಂಡ ಮಾತು,
ಮುಂದೆ ಹೆತ್ತ ಮಕ್ಕಳಿಗೂ
ಒಂದು ಚಮಚ ಬಡಿಸದ ಮಾತು.

ಮೂರು ವರ್ಷ ಬಾಗಿಲು ತಟ್ಟಿ ತಟ್ಟಿ
ನಾನು ಒಳಗೆ ಕಾಲಿಡುವ ಹೊತ್ತಿಗೆ
ಅವಳು ಹಿತ್ತಿಲ ಕಡೆಯಿಂದ ಹೊರಟುಹೋಗಿದ್ದಳು.

ಸಿಟ್ಟು ಬಂತು, ನಿಜ. ಇನ್ನೂ ಒಂದು ಭಾಷೆಯೇ?
ಆದರೂ ಕೈಗವಸಿನ ಡಬ್ಬಿಯ ಹಿಂದೆ
ನನ್ನ ತಿಗ್ರಿನ್ಯದ ಲಿಪಿಯಲ್ಲೇ ಬರೆದುಕೊಂಡೆ,
ಅವಳು ಬೆರಳಿಟ್ಟು ತೋರಿಸಿದ್ದು, ನಾನು ಊಹಿಸಿದ್ದು.
ಚಾಹ್ತ್ಸಿ, ನೀರು.
ಗುವೊಲ್ಲಿ, ಮೀನು.
ಬೆಯ್ವಿ, ಸೂರ್ಯ, ಎರಡು ತಿಂಗಳಿಂದ ಕಾಣದ್ದು.
ರಿಸ್ತಿನ್, ಅವಳೇ.

ಭಾನುವಾರ ಮಗಳು ಆಸ್ಲೌಗ್ ಕಿತ್ತಳೆ ತಂದಳು.
ತಾಯಿ ಏನೋ ಅಂದಳು. ಮಗಳು ನನ್ನತ್ತ ತಿರುಗಿ,
‘ಏನನ್ನುತ್ತಿದ್ದಾಳೆ?’
ಈ ನೆಲದವಳು ಕೇಳಿದ್ದು, ಸಮುದ್ರ ದಾಟಿ ಬಂದವಳನ್ನು.
‘ನಿನ್ನಮ್ಮನಿಗೆ ಬಾಯಾರಿದೆ,’ ಅಂದೆ, ನಾರ್ವೆಯ ನುಡಿಯಲ್ಲಿ.
ಆ ಗುಂಡು ಸ್ವರ ಆಗ ತಾನಾಗಿ ಬಂತು.
ಅವಳು ಕಿತ್ತಳೆ ಸುಲಿಯುತ್ತಲೇ ಇದ್ದಳು,
ಸುಲಿದು ಮುಗಿದ ಮೇಲೂ.

ನೀರು ಕುಡಿಸಿ ಕೇಳಿದೆ,
ಯಾವ ಭಾಷೆಯಲ್ಲೋ ಈಗ ನೆನಪಿಲ್ಲ,
ಸಾಕೇ, ರಿಸ್ತಿನ್?
ಅವಳು ಸರಕ್ಕನೆ ಉಸಿರನ್ನು ಒಳಗೆಳೆದುಕೊಂಡಳು.

ಪಾಳಿ ಮುಗಿಸುವಾಗ ಕಡತ ತೆರೆದೆ.
‘ಭಾಷೆ’ ಎಂಬಲ್ಲಿ ಯಾರೋ ‘ಮಾತಿಲ್ಲ’ ಎಂದು ತುಂಬಿದ್ದರು.
ಹೊಡೆದುಹಾಕಿ ಮೇಲೆ ಬರೆದೆ.
ಕಾಗುಣಿತ ತಪ್ಪಿತ್ತೆಂದು ಬೆಳಿಗ್ಗೆ ತಿಳಿಯಿತು.
ಹಾಗೇ ಬಿಟ್ಟೆ.