ತಳಿ

ಊರಿನ ಹೆಸರೂ ತಳಿ, ಬಳ್ಳಿಗೆ ಕೇಳುವುದೂ ತಳಿ.
ಡೆಂಕಣಿಕೋಟೆ ದಾಟಿ ಏರುವ ಬಸ್ಸಿನಲ್ಲಿ
ಒಂದೊಂದು ತಿರುವಿಗೆ ಒಂದೊಂದು ಗುಂಡಿ
ಹಾಕಿಕೊಳ್ಳುತ್ತಾ ಬರುತ್ತದೆ ಸ್ವೆಟರು.

ಇಲ್ಲಿ ಹಗಲ ಬಿಸಿಲು ಬೆನ್ನು ಸುಡುತ್ತದೆ,
ಇರುಳು ಅದೇ ಬೆನ್ನಿಗೆ ಚಳಿ ಚೂರಿ ಹಾಕುತ್ತದೆ.
ಎರಡರ ನಡುವೆ ಸಿಕ್ಕ ಶಿರಾಜ್ ದ್ರಾಕ್ಷಿ
ಸಿಪ್ಪೆ ದಪ್ಪ ಮಾಡಿಕೊಂಡು ಕೂತುಬಿಟ್ಟಿದೆ
ಕಂಬಳಿ ಹೊದ್ದ ಕುರಿಗಾಹಿಯ ಹಾಗೆ.
ಮುಖ ಸಿಹಿ, ಮಾತು ಒಗರು.

ಹದಿನಾಲ್ಕು ತಿಂಗಳು ಪೀಪಾಯಿಯಲ್ಲಿತ್ತು.
ಬಿರಡೆ ತೆಗೆದು ಕಡ್ಡಿ ಇಳಿಸಿ ನೋಡುವುದು ನನ್ನ ಕೆಲಸ.
ಪ್ರತಿಸಲವೂ ಒಂದಿಷ್ಟು ಕಡಿಮೆ.
‘ಮರ ಕುಡಿಯುತ್ತೆ, ಲೆಕ್ಕ ಬರಕೋ’ ಅಂದಿದ್ದರು ಮೊದಲ ದಿನ.
ಬರೆದುಕೊಂಡೆ:
ಮರಕ್ಕೆ, ಇಷ್ಟು.

ಈಗ ಸೀಸೆ ತುಂಬುವ ಹೊತ್ತು.
ಚೀಟಿಯ ಹಿಂಬದಿಗೆ ಎರಡು ಸಾಲು ಬೇಕಂತೆ
ಸೆಲ್ವನಾಯಗಂ ಸಾರಿಗೆ:
ಇದರ ಜೊತೆ ಏನು ತಿನ್ನಬೇಕು?
ನನಗೇನು ಗೊತ್ತು.
ಲೋಟ ಹಿಡಿದು ಅಡುಗೆಮನೆಗೆ ಹೋದೆ.

ಮುನಿತಾಯಕ್ಕ ಅವರೆ ಹಿದುಕುತ್ತಿದ್ದಳು,
ಬೆರಳ ಸಂದಿಯಿಂದ ಬೇಳೆ ಪುಳಕ್ಕನೆ ಬೋಗುಣಿಗೆ.
‘ಕುಡಿಯೋಳಲ್ಲ ಕಣಪ್ಪ ನಾನು’ ಎನ್ನುತ್ತಲೇ
ಲೋಟ ಇಸಕೊಂಡು ಮೂಸಿದಳು.
ಎರಡನೇ ಸಲ ಕಣ್ಣು ಮುಚ್ಚಿ.
‘ನೇರಳೆ. ಮೆಣಸು. ಆಮ್ಯಾಕೆ...’
ತುಸು ಹೊತ್ತು ಸುಮ್ಮನಿದ್ದಳು.
‘ನಮ್ಮಪ್ಪನ ಎತ್ತಿನ ಮಿಣಿ. ನೆಂದು ಒಣಗಿದ್ದು.’

ಆಮೇಲೆ ಹೆಣ್ಣು ಕೇಳಲು ಬಂದವರ ಮುಂದೆ ಕೂತಂತೆ ಕೂತು
ಒಂದೊಂದೇ ಸಂಬಂಧ ತಳ್ಳಿಹಾಕಿದಳು.
‘ಮೊಸರಿನ ಪಕ್ಕ ಕೂರಿಸಬೇಡ, ಇಬ್ಬರೂ ಕೆಡ್ತಾರೆ.
ಮೀನು ಇದರ ಗತ್ತು ತಡಿಯಲ್ಲ.
ಹಸಿಮೆಣಸಿನಕಾಯಿ ಕಂಡ್ರೆ ರೇಗ್ತದೆ.
ಕೊಬ್ಬು ಕೊಡು ಇದಕ್ಕೆ,
ಒಗರು ಸೋಲೋದು ಕೊಬ್ಬಿಗೆ ಒಂದಕ್ಕೇ.
ಎದೆಮಾಂಸ, ನಲ್ಲಿಮೂಳೆ,
ಸೌದೆ ಉರೀಲಿ ಎರಡು ಗಂಟೆ,
ಕಡೇಗೆ ಎರಡು ಹಿಡಿ ಹಿದಕಿದ ಬೇಳೆ.
ಮುದ್ದೆ ಬಿಸಿ ಇರಲಿ.
ಅಗೀಬೇಡಿ ಅಂತ ಹೇಳು ಆ ಪಟ್ಟಣದೋರಿಗೆ.’

‘ಮಾಂಸ ತಿನ್ನದೋರು?’

‘ಹುಚ್ಚೆಳ್ಳು ಹುರಿದು ಬದನೆಕಾಯಿಗೆ ತುಂಬು.
ಅದಕ್ಕೂ ಎಣ್ಣೆ ಐತೆ, ಒಂಚೂರು ಕಹಿ ಐತೆ.
ಇದರ ನೆಂಟನೇ ಅದು.’

ಬರೆದು ಕೊಟ್ಟೆ, ಎರಡು ಹಾಳೆ ಆಯಿತು.
ಅಚ್ಚಾಗಿ ಬಂದದ್ದು: ಸುಟ್ಟ ಕುರಿಮಾಂಸ, ಗಟ್ಟಿ ಚೀಸ್.
ತಮಿಳಿನಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ.

ಚೀಟಿ ಓರೆಯಾಗಿ ಅಂಟಿದ್ದ ಒಂದು ಸೀಸೆ
ಮಾರಾಟಕ್ಕಿಲ್ಲವೆಂದು ಬದಿಗಿಟ್ಟಿದ್ದರು.
ಅದರ ಬೆನ್ನಿಗೆ ಮಾರ್ಕರಿನಲ್ಲಿ, ಕನ್ನಡದಲ್ಲಿ,
ಅವಳು ಹೇಳಿದ್ದಷ್ಟನ್ನೂ ಬರೆಯಹೋಗಿ
‘ಅಗೀಬೇಡಿ’ ಎಂಬಲ್ಲಿಗೆ ಜಾಗ ಮುಗಿಯಿತು.
ರಾಗಿ ಡ್ರಮ್ಮಿನ ಹಿಂದೆ ಇಟ್ಟು ಬಂದೆ.

ಮೊನ್ನೆ ರಾಗಿ ಹೊಲಕ್ಕೆ ಆನೆ ಇಳಿದ ರಾತ್ರಿ
ತಮಟೆ ಬಡಿದು, ಪಟಾಕಿ ಹೊಡೆದು,
ಹಲ್ಲು ಕಟಕಟಿಸುತ್ತಾ ನಾವೆಲ್ಲ ವಾಪಸಾದಾಗ
ಒಲೆಯ ಮೇಲೆ ಸಾರು ಕಾಯುತ್ತಿತ್ತು.
ಎಂದಿಲ್ಲದ ಕಪ್ಪುಗೆಂಪು ಬಣ್ಣ,
ಎಂದಿಲ್ಲದ ಘಮ.
ಡ್ರಮ್ಮಿನ ಹಿಂದೆ ಕೈಯಾಡಿಸಿ
ಸೀಸೆಯನ್ನು ಬೆಳಕಿಗೆ ಹಿಡಿದೆ.
ನಾಲ್ಕು ಬೆರಳು ಕಡಿಮೆ.

‘ಗಾಜೂ ಕುಡೀತದಾ ಅಕ್ಕಾ?’

ಅವಳು ಸೌದೆ ಒಳಕ್ಕೆ ತಳ್ಳಿದಳು.
ಮೂಗಿನ ತುದಿ ಕೆಂಪಗಿತ್ತು, ಚಳಿಗೋ ಏನೋ.
‘ಸಾರು ಕುಡೀತು’ ಅಂದಳು.
‘ಲೆಕ್ಕ ಬರಕೋ.’